ಬ್ರಿಟನ್ನಿನ ಕೇರ್ ಹೋಮ್‌ಗಳಲ್ಲಿ ಸಂಗೀತ: ತಿಂಗಳು ತಿಂಗಳೂ ಕರೆ ಬರುವಂತಾಗಲು

ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮವರಲ್ಲಿ ಚೆನ್ನಾಗಿ ಹಾಡುವವರು, ಗಿಟಾರ್, ಕೀಬೋರ್ಡ್, ಪಿಟೀಲು ನುಡಿಸುವವರು ಬೇಕಾದಷ್ಟಿದ್ದಾರೆ. ವಾರಾಂತ್ಯದ ಸಮಾರಂಭಗಳಿಗೆ ಕಾಯುವ ಅವರಿಗೆ, ವಾರದ ನಡುವಿನ ಮಧ್ಯಾಹ್ನಗಳಲ್ಲಿ ವೃದ್ಧರ ಕೇರ್ ಹೋಮ್‌ಗಳು ಹಣ ಕೊಟ್ಟು ಕಲಾವಿದರನ್ನು ಕರೆಸುತ್ತವೆ ಎಂಬುದು ಎಷ್ಟೋ ಸಲ ತಿಳಿದೇ ಇರುವುದಿಲ್ಲ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಹೀಗೆ ಹಣ ಪಡೆದು ಹಾಡುವುದು ಸಾಮಾನ್ಯವಾಗಿ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುತ್ತದೆ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೂ ಮನರಂಜನಾ ಕಲಾವಿದರಾಗಿ ದುಡಿಯುವುದಕ್ಕೂ ಅನುಮತಿಯಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರ ಹೆಚ್ಚುವರಿ ಕೆಲಸಕ್ಕೆ ಬಿಗಿಯಾದ ಷರತ್ತುಗಳಿವೆ; ಆದರೆ ಡಿಪೆಂಡೆಂಟ್ ವೀಸಾದಲ್ಲಿರುವ ಅವರ ಸಂಗಾತಿ ಈ ಕೆಲಸ ಮಾಡಬಹುದು.

ಕೇರ್ ಹೋಮ್‌ನಲ್ಲಿ ನೀವು ಮಾತನಾಡಬೇಕಾದವರು ಮ್ಯಾನೇಜರ್ ಅಲ್ಲ, ಆ್ಯಕ್ಟಿವಿಟೀಸ್ ಕೋಆರ್ಡಿನೇಟರ್. ನಿವಾಸಿಗಳ ದಿನಚರಿಯ ಚಟುವಟಿಕೆಗಳನ್ನು ಹೊಂದಿಸುವವರು ಅವರೇ. ಇಂಗ್ಲೆಂಡಿನ ಕೇರ್ ಹೋಮ್‌ಗಳನ್ನು ತಪಾಸಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್‌ನ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ನಿಮ್ಮ ಸುತ್ತಲಿನ ಹೋಮ್‌ಗಳೆಲ್ಲ ಸಿಗುತ್ತವೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗೆ ಅವುಗಳದೇ ತಪಾಸಣಾ ಸಂಸ್ಥೆಗಳಿವೆ. ಫೋನ್ ಮಾಡಿ ಕೋಆರ್ಡಿನೇಟರ್ ಹೆಸರು ಕೇಳಿ, ನೀವು ಹಾಡುವ ಎರಡು ನಿಮಿಷದ ವಿಡಿಯೊದೊಂದಿಗೆ ಅವರಿಗೇ ಇಮೇಲ್ ಬರೆಯಿರಿ.

ಅವರು ಕೇಳುವ ಮೊದಲೇ ಕಾಗದಪತ್ರ ಸಿದ್ಧವಿರಲಿ: ಡಿಬಿಎಸ್ ಪ್ರಮಾಣಪತ್ರ (ಅಪರಾಧ ಹಿನ್ನೆಲೆಯ ತಪಾಸಣೆ), ಪಬ್ಲಿಕ್ ಲಯಬಿಲಿಟಿ ವಿಮೆ (ನಿಮ್ಮಿಂದ ಇತರರಿಗೆ ಆಗುವ ಹಾನಿಗೆ), ಮತ್ತು ಸ್ಪೀಕರ್‌ನಂಥ ವಿದ್ಯುತ್ ಉಪಕರಣಗಳಿಗೆ ಪ್ಯಾಟ್ ಎಂಬ ಸುರಕ್ಷತಾ ಪರೀಕ್ಷೆಯ ಚೀಟಿ. ಸಂಗೀತಗಾರರ ಸಂಘವಾದ ಮ್ಯುಸಿಷಿಯನ್ಸ್ ಯೂನಿಯನ್‌ನ ಸದಸ್ಯತ್ವದ ಜೊತೆಗೇ ಈ ವಿಮೆ ಬರುತ್ತದೆ. ಒಂದು ಎಚ್ಚರಿಕೆ: ನೀವು ‘ಮ್ಯೂಸಿಕ್ ಥೆರಪಿಸ್ಟ್’ ಎಂದು ಎಲ್ಲೂ ಹೇಳಿಕೊಳ್ಳಬೇಡಿ. ಅದು ಕಾನೂನಿನ ರಕ್ಷಣೆಯಿರುವ ಪದವಿನಾಮ, ನೋಂದಾಯಿತರಲ್ಲದವರು ಬಳಸುವಂತಿಲ್ಲ.

ಏನು ಹಾಡಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ವೃದ್ಧರೆಂದರೆ ಎರಡನೇ ಮಹಾಯುದ್ಧ ಕಾಲದ ಹಾಡುಗಳೇ ಬೇಕು ಎಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: 1940ರಲ್ಲಿ ಹುಟ್ಟಿದವರಿಗೆ 1960ರಲ್ಲಿ ಇಪ್ಪತ್ತು ವರ್ಷ. ಅವರ ಹರೆಯದ ಸಂಗೀತ ಎಲ್ವಿಸ್ ಪ್ರೀಸ್ಲಿ, ಕ್ಲಿಫ್ ರಿಚರ್ಡ್, ಬೀಟಲ್ಸ್. ಹರೆಯದಲ್ಲಿ ಕೇಳಿದ್ದು ಆಳವಾಗಿ ಉಳಿಯುತ್ತದೆ. ಮಾತು ಕಳೆದುಕೊಂಡ ಡಿಮೆನ್ಷಿಯಾ (ಮರೆವಿನ ಕಾಯಿಲೆ) ರೋಗಿಯೂ ಒಮ್ಮೊಮ್ಮೆ ಪೂರ್ತಿ ಪಲ್ಲವಿ ಹಾಡಿಬಿಡುತ್ತಾರೆ. ಆದ್ದರಿಂದ ಆ ಕಾಲದ ಹಾಡುಗಳನ್ನು ಶ್ರದ್ಧೆಯಿಂದ ಕಲಿಯಿರಿ, ಕಾಟಾಚಾರಕ್ಕೆ ಬೇಡ. ನಡುವೆ ನಮ್ಮದೊಂದು ಭಾವಗೀತೆಯನ್ನೋ ದೇವರನಾಮವನ್ನೋ ಎರಡು ಮಾತಿನ ಪರಿಚಯದೊಂದಿಗೆ ಹಾಡಿದರೆ ಸಂತೋಷದಿಂದ ಕೇಳುತ್ತಾರೆ. ಲೆಸ್ಟರ್, ಹ್ಯಾರೋಗಳಂತೆ ಭಾರತೀಯ ಮೂಲದ ಹಿರಿಯರು ಹೆಚ್ಚಿರುವ ಕಡೆ ಹಳೆಯ ಹಿಂದಿ ಚಿತ್ರಗೀತೆಗಳೂ ಕೈಯಲ್ಲಿರಲಿ.

ಧ್ವನಿ ಮೆಲ್ಲಗಿರಲಿ, ಶ್ರವಣಯಂತ್ರ ಹಾಕಿಕೊಂಡವರಿಗೆ ಜೋರು ಸ್ಪೀಕರ್ ಹಿಂಸೆ. ಸುಮಾರು ಮುಕ್ಕಾಲು ಗಂಟೆ ಸಾಕು. ‘ಈ ಹಾಡು ನೆನಪಿದೆಯೇ?’ ಎಂದು ಯಾರನ್ನೂ ಕೇಳಬೇಡಿ, ನೆನಪಾಗದವರಿಗೆ ಅದು ನೋವು. ನಡುವೆ ಎದ್ದು ಹೋದವರ ಬಗ್ಗೆ ಬೇಸರ ಬೇಡ.

ಮೊದಲ ಸಲ ಪುಕ್ಕಟೆ ಹಾಡಬೇಕೇ? ಬೇಡವೆಂದೇ ನನ್ನ ಅಭಿಪ್ರಾಯ. ಸ್ವಯಂಸೇವಕರ ಪಟ್ಟಿಗೆ ಸೇರಿದ ಹೆಸರು ಸಂಭಾವನೆಯ ಪಟ್ಟಿಗೆ ಬರುವುದು ಕಷ್ಟ. ಸಂಭಾವನೆಯನ್ನು ಮೊದಲೇ ಬರಹದಲ್ಲಿ ಒಪ್ಪಿಸಿಕೊಂಡು, ಕಾರ್ಯಕ್ರಮದ ದಿನವೇ ಇನ್‌ವಾಯ್ಸ್ ಕಳಿಸಿ. ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗಿನ ತೆರಿಗೆ ವರ್ಷದಲ್ಲಿ ಇಂಥ ಆದಾಯ 1,000 ಪೌಂಡ್ ದಾಟಿದರೆ, ಆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ಸೆಲ್ಫ್ ಅಸೆಸ್‌ಮೆಂಟ್‌ಗೆ, ಅಂದರೆ ಆದಾಯದ ಲೆಕ್ಕವನ್ನು ನೀವೇ ತೆರಿಗೆ ಇಲಾಖೆಗೆ ಸಲ್ಲಿಸುವ ವ್ಯವಸ್ಥೆಗೆ, ನೋಂದಾಯಿಸಿಕೊಳ್ಳಬೇಕು.

ಹಾಡು ಮುಗಿಸಿ ಹೊರಡುವಾಗಲೇ ಮುಂದಿನ ದಿನಾಂಕ ಕೇಳಿ. ಎಲ್ಲರಿಗೂ ಬೇಕಾಗುವುದು ಡಿಸೆಂಬರ್. ಕ್ರಿಸ್‌ಮಸ್‌ಗೆ ಕರೆದವರಿಂದ ಜನವರಿ, ಫೆಬ್ರವರಿಗೂ ಒಂದೊಂದು ದಿನ ಗೊತ್ತುಮಾಡಿಸಿಕೊಳ್ಳಿ. ಚಳಿಗಾಲದಲ್ಲಿ ಫ್ಲೂ, ವಾಂತಿಭೇದಿ ಹರಡಿದರೆ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಹಾಗಾದಾಗ ಕಾರ್ಯಕ್ರಮ ರದ್ದಾಗದೆ ಬೇರೆ ದಿನಕ್ಕೆ ಹೋಗುತ್ತದೆ ಎಂಬ ಒಂದು ಸಾಲು ಮೊದಲ ಇಮೇಲ್‌ನಲ್ಲೇ ಇರಲಿ.