ಶುಗರ್ ಪುಸ್ತಕದಲ್ಲಿ ಹೃದಯಕ್ಕೂ ಒಂದು ಪುಟ

ಟೈಪ್ 1 ಮಧುಮೇಹ ಇರುವ ಮಕ್ಕಳ ಮನೆಯಲ್ಲಿ ದಿನವಿಡೀ ಶುಗರ್‌ನದೇ ಲೆಕ್ಕ. ಊಟಕ್ಕೆ ಮುಂಚೆ ಎಷ್ಟು, ಮಲಗುವಾಗ ಎಷ್ಟು, ಇನ್ಸುಲಿನ್ ಎಷ್ಟು ಯೂನಿಟ್. ಇದರ ನಡುವೆ ಯಾರಾದರೂ ಹೃದಯದ ಮಾತೆತ್ತಿದರೆ "ಇಷ್ಟು ಚಿಕ್ಕ ಮಗುವಿಗೆ ಹಾರ್ಟಾ?" ಅನ್ನಿಸುವುದು ಸಹಜ.

ಮಗುವಿಗೆ ನಾಳೆಯೇ ಹೃದಯಾಘಾತ ಆಗುತ್ತದೆ ಅಂತಲ್ಲ. ಶುಗರ್ ಜಾಸ್ತಿ ಇದ್ದಷ್ಟು ದಿನವೂ ರಕ್ತನಾಳದ ಒಳಪದರಕ್ಕೆ ಸ್ವಲ್ಪ ಸ್ವಲ್ಪವೇ ಪೆಟ್ಟು ಬೀಳುತ್ತಿರುತ್ತದೆ. ನಾಳ ಬಿರುಸಾಗುವುದು ಕೆಲವರಲ್ಲಿ ಹದಿಹರೆಯದಲ್ಲೇ ಶುರು. ನೋವಿಲ್ಲ, ಸುಸ್ತಿಲ್ಲ, ಮಗುವಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಅಳೆದೇ ತಿಳಿಯಬೇಕು. 10 ವರ್ಷದೊಳಗೇ ಮಧುಮೇಹ ಬಂದಿದ್ದರೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮುಂದೆ ಅಪಾಯ ಜಾಸ್ತಿ ಎಂದು ಸ್ವೀಡನ್ನಿನಲ್ಲಿ 2018ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿತು.

ಮೊದಲು ಎಚ್‌ಬಿಎ1ಸಿ. ಇದು ಎರಡು ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುವ ಪರೀಕ್ಷೆ, ಮೂರು ತಿಂಗಳಿಗೊಮ್ಮೆ ಮಾಡಿಸಿ. ಹೆಚ್ಚಿನ ಮಕ್ಕಳಿಗೆ ಶೇ 7ಕ್ಕಿಂತ ಕಡಿಮೆ ಇರಲಿ ಎನ್ನುತ್ತಾರೆ, ನಿಮ್ಮ ಮಗುವಿನ ಗುರಿಯನ್ನು ವೈದ್ಯರೇ ಹೇಳಬೇಕು. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಟೈಪ್ 1 ಮಧುಮೇಹದ 1,441 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಶುಗರ್ ಮೇಲೆ ಬಿಗಿ ಹಿಡಿತ, ಇನ್ನೊಂದಕ್ಕೆ ಆಗಿನ ಮಾಮೂಲಿ ಚಿಕಿತ್ಸೆ. ಆಮೇಲೆ ಎರಡೂ ಗುಂಪಿನ ಎಚ್‌ಬಿಎ1ಸಿ ಹತ್ತಿರ ಹತ್ತಿರ ಒಂದೇ ಆಯಿತು. ಆದರೂ 2005ರ ಲೆಕ್ಕದಲ್ಲಿ ಬಿಗಿ ಹಿಡಿತದ ಗುಂಪಿನಲ್ಲಿ ಹೃದಯ, ರಕ್ತನಾಳದ ತೊಂದರೆ ಶೇ 42ರಷ್ಟು ಕಡಿಮೆ! ಹಳೇ ವರ್ಷಗಳ ಶುಗರನ್ನು ದೇಹ ಮರೆಯುವುದಿಲ್ಲ, ಒಳ್ಳೆಯದನ್ನೂ ಕೂಡ.

ಮುಂದಿನದು ಬಿಪಿ. ತಪ್ಪಾಗುವುದು ಜಾಸ್ತಿ ಇಲ್ಲೇ. ಮಗು ಮೆಟ್ಟಿಲು ಹತ್ತಿ ಓಡಿ ಬಂದಿರುತ್ತದೆ, ಕೂತ ತಕ್ಷಣ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾರೆ. ಅದೂ ದೊಡ್ಡವರ ಪಟ್ಟಿ! ಪಟ್ಟಿ ದೊಡ್ಡದಾದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಚಿಕ್ಕದಾದರೆ ಜಾಸ್ತಿ. ಐದು ನಿಮಿಷ ಸುಮ್ನೆ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಬಲಗೈ ಎದೆಯ ಮಟ್ಟಕ್ಕೆ. "ಮಕ್ಕಳ ಸೈಜಿನ ಪಟ್ಟಿ ಇದೆಯಾ?" ಎಂದು ಕೇಳಲು ಸಂಕೋಚ ಬೇಡ. 13 ದಾಟಿದವರಲ್ಲಿ 130/80 ಅಥವಾ ಅದಕ್ಕಿಂತ ಮೇಲೆ ಮತ್ತೆ ಮತ್ತೆ ಬಂದರೆ ಅದು ಹೆಚ್ಚಿನ ಬಿಪಿ. ಅದಕ್ಕಿಂತ ಚಿಕ್ಕವರಿಗೆ ಒಂದೇ ಅಂಕಿ ಸಾಲದು. ವಯಸ್ಸು, ಎತ್ತರ, ಹೆಣ್ಣೋ ಗಂಡೋ ನೋಡಿ ಕೋಷ್ಟಕದಲ್ಲಿ ಹೋಲಿಸುತ್ತಾರೆ. ವರ್ಷಕ್ಕೊಮ್ಮೆಯಾದರೂ ನೋಡಿಸಿ. ಪ್ರತಿ ಭೇಟಿಯಲ್ಲೂ ನೋಡಿಸಿದರೆ ಇನ್ನೂ ಒಳ್ಳೆಯದು.

ಕೊಲೆಸ್ಟ್ರಾಲ್ ಪರೀಕ್ಷೆ ಸಾಮಾನ್ಯವಾಗಿ 11ನೇ ವಯಸ್ಸಿನಿಂದ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ವೈದ್ಯರಿಗೆ ಹೇಳಿ, ಆಗ ಇನ್ನೂ ಮುಂಚೆಯೇ ಮಾಡಿಸುತ್ತಾರೆ. ಮಧುಮೇಹ ಪತ್ತೆಯಾದ ವಾರದಲ್ಲೇ ಅವಸರ ಬೇಡ. ಶುಗರ್ ಏರಿದಾಗ ಕೊಬ್ಬಿನ ಅಂಕಿಗಳೂ ಏರಿರುತ್ತವೆ, ಅದು ಹತೋಟಿಗೆ ಬಂದ ಮೇಲೆ ಮಾಡಿಸಿದರೆ ನಿಜ ಗೊತ್ತಾಗುತ್ತದೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 100ರ ಒಳಗಿರಬೇಕು. ಆರು ತಿಂಗಳು ಊಟ, ಆಟ ಸರಿಪಡಿಸಿದರೂ 130ರ ಮೇಲೇ ಇದ್ದರೆ, 10 ವರ್ಷ ದಾಟಿದವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡುವ ಮಾತು ಬರುತ್ತದೆ.

ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆ ಕಿಡ್ನಿಗೆ ತಾನೇ, ಇಲ್ಲೇಕೆ ಅನ್ನಬಹುದು. ಕಿಡ್ನಿಯ ಸಣ್ಣ ನಾಳಗಳು ಸೋರುತ್ತಿದ್ದರೆ ಬೇರೆ ಕಡೆಯ ನಾಳಗಳೂ ಕಷ್ಟದಲ್ಲಿವೆ ಎಂಬ ಸುಳಿವು ಅದು. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಜ್ವರ, ಮುಟ್ಟು, ಹಿಂದಿನ ದಿನದ ಜೋರು ಆಟ ಇದ್ದರೆ ಸುಳ್ಳು ಫಲಿತಾಂಶ ಬರಬಹುದು. ಒಮ್ಮೆ ಜಾಸ್ತಿ ಬಂತೆಂದು ಗಾಬರಿ ಬೀಳಬೇಡಿ, ಮೂರರಲ್ಲಿ ಎರಡು ಸಲ ಬಂದರೆ ಮಾತ್ರ ಲೆಕ್ಕಕ್ಕೆ.

ಕತ್ತಿನ ರಕ್ತನಾಳದ ದಪ್ಪ ನೋಡುವ ಸ್ಕ್ಯಾನ್ ಬಗ್ಗೆ ಕೇಳಿರಬಹುದು. ಅದು ಸಂಶೋಧನೆಗೆ ಬಳಸುವಂಥದ್ದು, ಎಲ್ಲ ಮಕ್ಕಳಿಗೂ ಬೇಕಿಲ್ಲ.

ಇನ್ನು ದಿನದ ಕೆಲಸ. ದಿನಕ್ಕೆ ಒಂದು ಗಂಟೆ ಬೆವರುವ ಆಟ. ಶುಗರ್ ಇಳಿದೀತು ಎಂಬ ಭಯಕ್ಕೆ ಎಷ್ಟೋ ಮನೆಗಳಲ್ಲಿ ಆಟವನ್ನೇ ನಿಲ್ಲಿಸುತ್ತಾರೆ, ನನ್ನ ಕೇಳಿದರೆ ಅದೇ ದೊಡ್ಡ ತಪ್ಪು. ಆಟಕ್ಕೆ ಮುಂಚೆ ಶುಗರ್ ನೋಡಿ, ಜೇಬಿನಲ್ಲಿ ಗ್ಲೂಕೋಸ್ ಇಟ್ಟು ಕಳಿಸಿ. ಜೋರು ಆಟ ಆಡಿದ ದಿನ ರಾತ್ರಿ ಮಲಗುವಾಗ ಇನ್ನೊಮ್ಮೆ ನೋಡಿ, ಇಳಿಯುವುದು ಎಷ್ಟೋ ಸಲ ಆಮೇಲೇ. ಶುಗರ್ ಏರಿ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹದಲ್ಲಿ ಸೇರುವ ಆಮ್ಲ) ಕೂಡ ಇದ್ದ ದಿನ ಆಟಕ್ಕೆ ರಜೆ.