ಒಂದು ಸೀಟು ಸಿಕ್ಕಿದ ಮೇಲೂ ಉಳಿದ ಇಂಟರ್ವ್ಯೂಗಳಿಗೆ ಹೋಗಬೇಕಾ? ನನ್ನ ಅನುಭವ

ಅಕ್ಟೋಬರ್ 15, 2025, ಬುಧವಾರ. ಅಮೆರಿಕಾದ ಡೆಟ್ರಾಯ್ಟ್ ಹತ್ರ ಒಂದು ಕ್ಲಿನಿಕ್ಕಲ್ಲಿ ಸ್ಕ್ರೈಬ್ ಆಗಿ ಕೆಲಸ ಮಾಡ್ತಿದ್ದೆ, ಡಾಕ್ಟರ್ ಪಕ್ಕ ಕೂತು ಪೇಷಂಟ್ ಹೇಳೋದನ್ನೆಲ್ಲಾ ಟೈಪ್ ಮಾಡೋ ಕೆಲಸ. ಇಬ್ಬರು ಪೇಷಂಟ್ ಮಧ್ಯೆ ಫೋನ್ ನೋಡಿದ್ರೆ ಮೆಡಿಕಲ್ ಸ್ಕೂಲಿನ ಅಕ್ಸೆಪ್ಟೆನ್ಸ್ ಬಂದಿತ್ತು. ಇಲ್ಲಿ ಎಂಡಿ ಸ್ಕೂಲುಗಳು (ಇಲ್ಲಿನ ಎಂಡಿ ಅಂದ್ರೆ ನಮ್ಮ ಎಂಬಿಬಿಎಸ್ ಥರ ಡಾಕ್ಟರಾಗೋ ಮೊದಲ ಡಿಗ್ರಿ) ಸಾಮಾನ್ಯವಾಗಿ ಸೀಟು ಕೊಡೋಕೆ ಶುರು ಮಾಡೋದೇ ಆ ದಿನ, ಮೊದಲ ದಿನವೇ ಬಂತಲ್ಲಾ ಅಂತ ರೆಸ್ಟ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ವರ್ಷಕ್ಕೆ 50 ಸಾವಿರಕ್ಕಿಂತ ಜಾಸ್ತಿ ಜನ ಅಪ್ಲೈ ಮಾಡ್ತಾರೆ, ಸೇರೋರು ಸುಮಾರು 23 ಸಾವಿರ, ಹಿಂದಿನ ವರ್ಷ ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಶನಿವಾರ ಕ್ಯಾಲೆಂಡರ್ ತೆಗೆದು ಕೂತಾಗ ತಲೆನೋವು ಶುರುವಾಯ್ತು. ಜನವರಿ ತನಕ ಇನ್ನೂ ನಾಲ್ಕು ಇಂಟರ್ವ್ಯೂ ಇದ್ವು. ಮೈಸೂರಿಂದ ಮಾವ ಫೋನ್ ಮಾಡಿ "ಸೀಟು ಸಿಕ್ತಲ್ಲ ಪುಟ್ಟಿ, ಇನ್ನೂ ಯಾಕೆ ಇಂಟರ್ವ್ಯೂ ಅಂತೀಯ, ಇರೋದೂ ಹೋದ್ರೆ?" ಅಂದ್ರು. ಅವರ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮಾವನ ಮಗಳು ನೀಟ್ ಬರೆದು ಕೆಇಎ ಕೌನ್ಸೆಲಿಂಗಲ್ಲಿ ಚಾಯ್ಸ್ 2 ಹಾಕಿದ್ಲು, ಅಂದ್ರೆ ಸಿಕ್ಕಿರೋ ಸೀಟು ಇಟ್ಕೊಂಡೇ ಮುಂದಿನ ರೌಂಡಿಗೆ ಹೋಗೋದು, ಅಲ್ಲಿ ಲಿಸ್ಟಲ್ಲಿ ಮೇಲಿರೋ ಇನ್ನೊಂದು ಸಿಕ್ಕಿತು ಅಂದ್ರೆ ಹಳೇದು ತಾನಾಗೇ ಕೈಬಿಟ್ಟು ಹೋಗುತ್ತೆ, ಬೇಕು ಅಂದ್ರೂ ವಾಪಸ್ ಸಿಗಲ್ಲ. ಮನೆಯವರೆಲ್ಲ ಆ ವಾರ ನಿದ್ದೆ ಮಾಡಿರಲಿಲ್ಲ. ಇಲ್ಲಿ ಹಾಗಲ್ಲ ಮಾವ ಅಂತ ಅರ್ಧ ಗಂಟೆ ವಿವರಿಸಿದೆ. ಎರಡನೇ ಕಡೆ ಸೀಟು ಬಂದ್ರೂ ಮೊದಲನೇದು ನಾವಾಗೇ ಬಿಡೋ ತನಕ ಇರುತ್ತೆ, ಏಪ್ರಿಲ್ 15ಕ್ಕೆ ಮೂರಕ್ಕಿಂತ ಜಾಸ್ತಿ ಸೀಟು ಇಟ್ಕೋಬಾರದು, ಏಪ್ರಿಲ್ 30ಕ್ಕೆ ಒಂದೇ ಉಳಿಸಿಕೊಳ್ಳಬೇಕು ಅಂತ ಇಲ್ಲಿನ ಮೆಡಿಕಲ್ ಸ್ಕೂಲುಗಳ ಸಂಘ ಎಎಎಂಸಿಯ ನಿಯಮ. ನನಗೆ ಸಿಕ್ಕಿದ ಕಡೆ ಡೆಪಾಸಿಟ್ 100 ಡಾಲರ್, ಏಪ್ರಿಲ್ 30ರ ತನಕ ವಾಪಸ್ ಕೊಡ್ತಾರೆ. (ಡಿಓ, ಅಂದ್ರೆ ಆಸ್ಟಿಯೋಪಥಿಕ್ ಡಾಕ್ಟರ್ ಡಿಗ್ರಿ ಕೊಡೋ ಸ್ಕೂಲುಗಳಿಗೂ ಹಾಕಿರೋರು ಬೇರೆಯಾಗಿ ಲೆಕ್ಕ ಹಾಕಿ, ಬಹಳಷ್ಟು ಕಡೆ ಡೆಪಾಸಿಟ್ ಸಾವಿರ ಡಾಲರ್ ದಾಟುತ್ತೆ, ವಾಪಸ್ ಬರಲ್ಲ.)

ಅಂದ್ರೆ ಸೀಟು ಕಳ್ಕೊಳ್ಳೋ ಭಯ ಇಲ್ಲ. ಹಾಗಂತ ನಾಲ್ಕಕ್ಕೂ ಹೋಗಬೇಕಾ?

ನನ್ನ ವಿಷಯದಲ್ಲಿ ಅದನ್ನ ತೀರ್ಮಾನ ಮಾಡಿದ್ದು ದುಡ್ಡು, ಅದನ್ನ ಮುಚ್ಚಿಡೋಕೆ ಏನೂ ಇಲ್ಲ. ಸೀಟು ಕೊಟ್ಟಿದ್ದು ಬೇರೆ ಸ್ಟೇಟಿನ ಪ್ರೈವೇಟ್ ಸ್ಕೂಲು, ಫೀಸು, ಬಾಡಿಗೆ, ಊಟ ಎಲ್ಲಾ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ 95 ಸಾವಿರ ಡಾಲರ್. ಮುಂಚೆ ಆಗಿದ್ರೆ ಗ್ರಾಡ್ ಪ್ಲಸ್ ಅಂತ ಸರ್ಕಾರಿ ಲೋನ್ ಇತ್ತು, ಪೂರ್ತಿ ಖರ್ಚಿಗೂ ಸಿಗೋದು. 2025ರ ಜುಲೈನಲ್ಲಿ ಬಂದ ಕಾನೂನಿಂದ ಅದು ಹೋಯ್ತು, 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋ ಮೆಡಿಕಲ್ ಸ್ಟೂಡೆಂಟ್‌ಗೆ ಸರ್ಕಾರದಿಂದ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಮಿಕ್ಕಿದ 45 ಸಾವಿರಕ್ಕೆ ಪ್ರತಿ ವರ್ಷ ಪ್ರೈವೇಟ್ ಲೋನ್, ಅದಕ್ಕೆ ಅಪ್ಪ ಕೋಸೈನ್ ಮಾಡಬೇಕು, ಅಂದ್ರೆ ನಾನು ಕಟ್ಟದಿದ್ರೆ ತಾವೇ ಕಟ್ತೀನಿ ಅಂತ ಸಹಿ ಹಾಕಬೇಕು. ಅಪ್ಪನಿಗೆ 58 ವರ್ಷ. ಅವರು "ಮಾಡ್ತೀನಿ ಬಿಡಮ್ಮ" ಅಂದ್ರು, ಒಂದು ಸೆಕೆಂಡೂ ಯೋಚನೆ ಮಾಡದೆ, ಅದೇ ನನಗೆ ಜಾಸ್ತಿ ಸಂಕಟ ಆಗಿದ್ದು.

ಹಾಗಾಗಿ ಒಂದು ಹಾಳೆ ತಗೊಂಡು ನಾಲ್ಕು ಸ್ಕೂಲಿನ ಹೆಸರು ಬರೆದು ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿದೆ, ಇವರು ನಾಳೆ ಸೀಟು ಕೊಟ್ರೆ ಕೈಯಲ್ಲಿರೋದನ್ನ ಬಿಟ್ಟು ಹೋಗ್ತೀನಾ? ಫೀಸಿನ ವಿವರ ಎಂಎಸ್‌ಎಆರ್ (ಎಎಎಂಸಿಯ ಮೆಡಿಕಲ್ ಸ್ಕೂಲ್ ಮಾಹಿತಿ ಸೈಟ್) ಮತ್ತೆ ಆಯಾ ಸ್ಕೂಲಿನ ವೆಬ್‌ಸೈಟಲ್ಲೇ ಇರುತ್ತೆ. ಒಂದು ಇದೇ ರೇಟಿನ ಪ್ರೈವೇಟು, ಇನ್ನೂ ದೂರ, ಉತ್ತರ ಇಲ್ಲ, ಅವತ್ತೇ ವಿತ್‌ಡ್ರಾ ಮಾಡಿದೆ. ಇನ್ನೊಂದು ನಮ್ಮ ಮಿಶಿಗನ್ನಿನದ್ದೇ ಪಬ್ಲಿಕ್ ಸ್ಕೂಲು, ಫೀಸು 45 ಸಾವಿರದ ಆಸುಪಾಸು, ಮನೆಯಿಂದಲೇ ಓಡಾಡಬಹುದು, ಪೂರ್ತಿ 50 ಸಾವಿರದೊಳಗೆ ಮುಗಿಯುತ್ತೆ, ಕಣ್ಣುಮುಚ್ಚಿ ಹೌದು. ಮೂರನೇದು ಚಿಕಾಗೋ ಕಡೆಯದ್ದು, ನೋಡೋಣ ಅಂತ ಇಟ್ಟೆ. ನಾಲ್ಕನೇದು ಈಸ್ಟ್ ಕೋಸ್ಟಿನ ದೊಡ್ಡ ಹೆಸರಿನ ಸ್ಕೂಲು.

ಆ ನಾಲ್ಕನೇದರಲ್ಲಿ ನಾನು ತಪ್ಪು ಮಾಡಿದೆ. ಹಾಳೆಯಲ್ಲಿ "ಇಲ್ಲ" ಅಂತಲೇ ಬರೆದಿದ್ದೆ, ಅಲ್ಲಿನ ಖರ್ಚು ಇನ್ನೂ ಜಾಸ್ತಿ, ನಮಗೆ ಏಡ್ (ಫೀಸಿಗೆ ಸಹಾಯ) ಸಿಗೋ ಆದಾಯದ ಮಿತಿಗಿಂತ ಅಪ್ಪ ಅಮ್ಮನ ಸಂಬಳ ಸ್ವಲ್ಪ ಮೇಲಿತ್ತು. ಆದ್ರೆ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಒಬ್ಬ ಆಂಟಿ "ಅಂಥಾ ಸ್ಕೂಲು ಕರೆದ್ರೆ ಯಾರಾದ್ರೂ ಬೇಡ ಅಂತಾರಾ" ಅಂದ್ರು, ಅಮ್ಮನ ಮುಖ ನೋಡಿದೆ, ಸರಿ ಹೋಗ್ತೀನಿ ಅಂದೆ. ಝೂಮಲ್ಲಿ ತಾನೇ, ಖರ್ಚೇನು ಅಂತ. 2020ರ ಕೋವಿಡ್‌ಗಿಂತ ಮುಂಚೆ ಆಗಿದ್ರೆ ವಿಮಾನ, ಹೋಟೆಲ್ ದುಡ್ಡೇ ಈ ತೀರ್ಮಾನ ಮಾಡಿಬಿಡ್ತಿತ್ತು, ಈಗ ಮನೇಲೇ ಬ್ಲೇಝರ್ ಹಾಕ್ಕೊಂಡು ಕೂತ್ರೆ ಆಯ್ತು ಅನ್ನೋದ್ರಿಂದ ಬೇಡ ಅನ್ನೋಕೆ ಕಾರಣವೇ ಸಿಗಲ್ಲ. ಇಂಟರ್ವ್ಯೂ ಮಾಡಿದ್ದು ವಯಸ್ಸಾದ ಒಬ್ರು ಪೀಡಿಯಾಟ್ರಿಶಿಯನ್. ನನ್ನ ಪ್ರಬಂಧವನ್ನ ಪ್ರಿಂಟ್ ತೆಗೆದು ಗೆರೆ ಎಳೆದು ಇಟ್ಕೊಂಡಿದ್ರು, ನಮ್ಮಜ್ಜಿಯ ಡಯಾಲಿಸಿಸ್ ಬಗ್ಗೆ ಬರೆದಿದ್ದನ್ನ ಕೇಳಿದ್ರು, ಎಷ್ಟು ಮನಸ್ಸಿಟ್ಟು ಕೇಳಿದ್ರು ಅಂದ್ರೆ ಅವರೇ ಯಾವಾಗಲೋ ಅಜ್ಜಿನ ನೋಡಿದ್ರೇನೋ ಅನ್ನಿಸ್ತು. ಕೊನೆಗೆ "ಇಲ್ಲಿಗೇ ಯಾಕೆ ಬರಬೇಕು ಅಂತ ಆಸೆ?" ಅಂದ್ರು. ಪಾಠ ಒಪ್ಪಿಸಿದ ಹಾಗೆ ಹೇಳಿದೆ. ಬರಲ್ಲ ಅಂತ ಗೊತ್ತಿದ್ದೂ ಅವರ ಒಂದು ಗಂಟೆ ತಗೊಂಡೆ, ಆ ಒಂದು ಗಂಟೆ ಹಿಂದಿನ ವರ್ಷದ ನನ್ನಂಥ ಇನ್ಯಾರಿಗೋ ಸಿಗಬೇಕಿತ್ತು, ಅವತ್ತು ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ಚಿಕಾಗೋ ಕಡೆಯದನ್ನೂ ವಿತ್‌ಡ್ರಾ ಮಾಡಿದೆ, ಇನ್ನೂ ಮೂರು ವಾರ ಟೈಮಿತ್ತು, ಬೇರೆಯವರನ್ನ ಕರೆಯೋಕೆ ಅಷ್ಟು ಸಾಕು. ದೊಡ್ಡ ಹೆಸರಿನವರಿಗೂ ಬರೆದೆ. ಮೇಲ್ ಎರಡೇ ಸಾಲು ಸಾಕು, ಅವಕಾಶಕ್ಕೆ ಧನ್ಯವಾದ, ನನ್ನ ಅರ್ಜಿ ವಾಪಸ್ ತಗೊಳ್ತಿದ್ದೀನಿ ಅಂತ, ಕಾರಣ ಕೊಡಬೇಕಿಲ್ಲ.

ಮಿಶಿಗನ್ನಿನ ಇಂಟರ್ವ್ಯೂ ಡಿಸೆಂಬರಲ್ಲಿ ಎಂಎಂಐ ಥರ, ಸಣ್ಣ ಸಣ್ಣ ಸ್ಟೇಷನ್‌ಗಳು, ಪ್ರತಿಯೊಂದಕ್ಕೂ ಬೇರೆ ಬೇರೆ ಜನ. ಕೈಯಲ್ಲಿ ಒಂದು ಸೀಟಿದ್ದಿದ್ರಿಂದ ಕೈ ನಡುಗಲಿಲ್ಲ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ. ಆದ್ರೂ ವೇಟ್‌ಲಿಸ್ಟ್‌ಗೆ ಹಾಕಿದ್ರು. ಜನವರಿ, ಫೆಬ್ರವರಿ, ಮಾರ್ಚ್ ಹೇಗೆ ಕಳೆದೆ ಅಂತ ಹೇಳೋಕಾಗಲ್ಲ. ಅದರ ಮಧ್ಯೆ ಒಂದು ವಿಷಯ ತಿಳ್ಕೊಂಡೆ, ಕೈಯಲ್ಲಿರೋ ಸ್ಕೂಲಿಗೆ "ಪ್ಲಾನ್ ಟು ಎನ್ರೋಲ್" ಒತ್ತಿದ್ರೆ ಬೇರೆ ಕಡೆ ವೇಟ್‌ಲಿಸ್ಟಲ್ಲಿ ಇರಬಹುದು, "ಕಮಿಟ್ ಟು ಎನ್ರೋಲ್" ಒತ್ತಿದ್ರೆ ಉಳಿದದ್ದೆಲ್ಲಾ ಬಿಡಬೇಕು. ಎರಡೂ ಒಂದೇ ಅಂದುಕೊಂಡು ಅವಸರದಲ್ಲಿ ಒತ್ತಬೇಡಿ.

ಏಪ್ರಿಲ್ ಮೂರನೇ ವಾರ ಫೋನ್ ಬಂತು, ಸೀಟಿದೆ ಅಂತ. ಅಪ್ಪ ಅಡುಗೆಮನೇಲಿ ಕಾಫಿ ಸೋಸ್ತಾ ಇದ್ರು, ಇನ್ನು ಕೋಸೈನ್ ಬೇಡಪ್ಪ ಅಂದೆ, ಏನೂ ಮಾತಾಡಲಿಲ್ಲ, ನನಗೂ ಒಂದು ಲೋಟ ಸುರಿದು ಕೊಟ್ರು.

ಮೊದಲು ಸೀಟು ಕೊಟ್ಟ ಸ್ಕೂಲಿಗೆ ಬಿಡ್ತೀನಿ ಅಂತ ಬರೆಯೋಕೆ ಮಾತ್ರ ಸಂಜೆ ಪೂರ್ತಿ ಹಿಡೀತು. ಎಲ್ಲರಿಗಿಂತ ಮುಂಚೆ ನನ್ನನ್ನ ನಂಬಿದ್ದು ಅವರು. ಮಾರನೇ ದಿನ ಬೆಳಿಗ್ಗೆನೇ ಉತ್ತರ ಬಂತು, ಒಳ್ಳೇದಾಗಲಿ, ಏಪ್ರಿಲ್ 30ರ ತನಕ ಕಾಯದೆ ತಿಳಿಸಿದ್ದಕ್ಕೆ ಥ್ಯಾಂಕ್ಸ್, ವೇಟ್‌ಲಿಸ್ಟಲ್ಲಿರೋ ಒಬ್ರಿಗೆ ಇವತ್ತೇ ಫೋನ್ ಮಾಡ್ತೀವಿ ಅಂತ.