ಪ್ರಯೋಗಶಾಲೆಗೆ ಬೆಳ್ಳಿ, ಪ್ಲಾಟಿನಂ ಕೊಂಡ ನನ್ನ ಅನುಭವ

ಕಾರವಾರದ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ ಖರೀದಿಯ ಹೊಣೆ ನನ್ನ ಹೆಗಲೇರಿ ಹದಿನಾಲ್ಕು ವರ್ಷವಾಯಿತು. ಬ್ಯುರೆಟ್, ಬೀಕರ್, ಆಮ್ಲ, ಸೋಸುಕಾಗದ ತರಿಸುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪಟ್ಟಿ ನೋಡಿ ಬರೆದರೆ ಸಾಮಾನು ಬರುತ್ತದೆ. ಬೆಳ್ಳಿ, ಪ್ಲಾಟಿನಂ ಹಾಗಲ್ಲ. ಇವನ್ನು ಕೊಳ್ಳುವ ಬಗೆಯನ್ನು ಯಾವ ಪಠ್ಯದಲ್ಲೂ ಓದಿರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ. ಕೈ ಸುಟ್ಟುಕೊಂಡು ಕಲಿತದ್ದನ್ನು ಬರೆಯುತ್ತಿದ್ದೇನೆ. ಶಿರಸಿಯಲ್ಲೋ ಕುಮಟಾದಲ್ಲೋ ಇದೇ ಕೆಲಸ ಮಾಡುತ್ತಿರುವವರಿಗೆ ಒಂದಿಷ್ಟು ಹಣ, ಒಂದಿಷ್ಟು ಕಾಲ ಉಳಿಯಲಿ.

ಕಾಲೇಜಿಗೆ ಬೆಳ್ಳಿ ಏಕೆ ಎಂದು ನಮ್ಮ ಲೆಕ್ಕಪತ್ರ ವಿಭಾಗದವರೇ ಒಮ್ಮೆ ಕೇಳಿದ್ದರು. ಉಪ್ಪು ಅಳೆಯುವುದಕ್ಕೆ. ಬೇಸಿಗೆ ಬಲಿತಂತೆ ಕಾಳಿ ನದಿಯಲ್ಲಿ ಭರತದ ನೀರು ಒಳಕ್ಕೆ ಏರುತ್ತದೆ, ದಂಡೆಯ ಬಾವಿಗಳ ನೀರಿನ ರುಚಿ ಬದಲಾಯಿತೆಂದು ಜನ ಬಾಟಲಿ ಹಿಡಿದು ಬರುತ್ತಾರೆ. ಅಘನಾಶಿನಿ ನದಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರಿಗೆ ಮಳೆಗೆ ನೆಲದ ಉಪ್ಪು ಎಷ್ಟು ತೊಳೆದುಹೋಯಿತು ಎಂದು ತಿಳಿಯಬೇಕು. ನೀರಿನಲ್ಲಿರುವ ಕ್ಲೋರೈಡ್, ಎಂದರೆ ಉಪ್ಪಿನ ಅಂಶ, ಅಳೆಯಲು ನಾವು ಬಳಸುವುದು ಹಳೆಯ ವಿಧಾನ. ಪೊಟ್ಯಾಸಿಯಂ ಕ್ರೋಮೇಟ್ ಹಾಕಿದ ಹಳದಿ ನೀರಿಗೆ ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು, ಎಂದರೆ ಟೈಟ್ರೇಶನ್. ಮೊದಲು ಒಡೆದ ಹಾಲಿನಂಥ ಬಿಳಿ ಗಷ್ಟು ಕಟ್ಟುತ್ತದೆ. ಕ್ಲೋರೈಡ್ ಮುಗಿದ ಕೂಡಲೇ ಒಂದು ಹನಿಗೆ ಇಟ್ಟಿಗೆಯ ಕೆಂಪು ಮೂಡಿ ನಿಲ್ಲುತ್ತದೆ. ಬಾವಿಯ ನೀರಿಗೆ ತೆಳು ದ್ರಾವಣ ಸಾಕು. ಸಮುದ್ರದ ನೀರಿಗೆ ಲೀಟರಿಗೆ 24.5 ಗ್ರಾಂ ನೈಟ್ರೇಟ್ ಇರುವ ದ್ರಾವಣ ಬೇಕು. ಅಪ್ಪಟ ಕಡಲ ನೀರು 10 ಮಿಲಿಲೀಟರ್ ತೆಗೆದುಕೊಂಡರೆ ಅದಕ್ಕೆ 38 ಮಿಲಿಲೀಟರಿನಷ್ಟು ದ್ರಾವಣ ಹೋಗುತ್ತದೆ, ಎಂದರೆ ಒಂದು ಸಲಕ್ಕೆ ಹೆಚ್ಚುಕಡಿಮೆ 0.6 ಗ್ರಾಂ ಬೆಳ್ಳಿ. ಪ್ರತಿ ಮಾದರಿಯನ್ನು ಮೂರು ಸಲ ಮಾಡಬೇಕು. ಒಂದು ಋತುವಿನ ಮಾದರಿಗಳನ್ನು ಲೆಕ್ಕ ಹಾಕಿ ನೋಡಿದರೆ ಬೆಳ್ಳಿಗೆ ಎಷ್ಟು ಹಣ ಹೋಗುತ್ತದೆ ಎಂಬುದು ಅರ್ಥವಾಗುತ್ತದೆ.

ಮೊದಲ ವರ್ಷ ಆ ಲೆಕ್ಕ ನೋಡಿ ಗಾಬರಿಯಾಗಿ ನಾನು ಒಂದು ಉಪಾಯ ಹೂಡಿದೆ. 100 ಗ್ರಾಂ ಸಿಲ್ವರ್ ನೈಟ್ರೇಟಿನಲ್ಲಿ ಇರುವುದು 63.5 ಗ್ರಾಂ ಬೆಳ್ಳಿ. ಬೆಳ್ಳಿಯನ್ನೇ ಕೊಂಡು ನೈಟ್ರಿಕ್ ಆಮ್ಲದಲ್ಲಿ ಕರಗಿಸಿಕೊಂಡರೆ ಅಗ್ಗವಲ್ಲವೇ? ಪೇಟೆಯಲ್ಲಿ ನಮ್ಮ ಮನೆಯವರು ತಲೆಮಾರಿನಿಂದ ಒಡವೆ ಮಾಡಿಸುವ ಶೇಟರ ಅಂಗಡಿಗೆ ಹೋದೆ. "ಒಳ್ಳೆಯ ಬೆಳ್ಳಿ ಬೇಕು" ಎಂದೆ. ಅವರು ಕೊಟ್ಟರು. ಹೊಗೆ ಹೊರಗೆಳೆಯುವ ಫ್ಯೂಮ್ ಕಪಾಟಿನೊಳಗೆ ಬೀಕರ್ ಇಟ್ಟು ಆಮ್ಲ ಸುರಿದೆವು. ಕಂದು ಹೊಗೆ ಎದ್ದಿತು, ಬೆಳ್ಳಿಯ ಚೂರುಗಳು ಗುಳ್ಳೆ ಬಿಡುತ್ತ ಸವೆದವು. ಎಲ್ಲ ಕರಗಿದ ಮೇಲೆ ನೋಡಿದರೆ ದ್ರಾವಣ ನವಿಲಿನ ಕೊರಳಿನಂತೆ ನೀಲಿ. ಶುದ್ಧ ಬೆಳ್ಳಿ ಕರಗಿದರೆ ದ್ರಾವಣಕ್ಕೆ ಬಣ್ಣವಿರುವುದಿಲ್ಲ. ಆ ನೀಲಿ ತಾಮ್ರದ್ದು.

ಬೀಕರಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಶೇಟರು ಬೇಸರ ಮಾಡಿಕೊಳ್ಳಲಿಲ್ಲ. "ಮಾಸ್ತರೇ, ನೀವು ಒಳ್ಳೆಯ ಬೆಳ್ಳಿ ಕೇಳಿದಿರಿ, ಒಡವೆಗೆ ಒಳ್ಳೆಯದನ್ನೇ ಕೊಟ್ಟೆ. ತಾಮ್ರ ಸೇರಿಸದಿದ್ದರೆ ಕಾಲ್ಗೆಜ್ಜೆ ಒಂದು ವಾರ ಬಾಳುವುದಿಲ್ಲ. ಕರಗಿಸುವುದಕ್ಕೆ ಎಂದು ಹೇಳಿದ್ದರೆ ಬೇರೆ ಮಾತು" ಎಂದರು. ಅವರ ಮಾತು ನೂರಕ್ಕೆ ನೂರು ಸರಿ. ಹಾಲ್‌ಮಾರ್ಕಿನ 925 ಎಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಉಳಿದ 75 ಪಾಲು ಒಡವೆಯನ್ನು ಗಟ್ಟಿ ಮಾಡುತ್ತದೆ, ನನ್ನ ಟೈಟ್ರೇಶನ್ ಕೆಡಿಸುತ್ತದೆ. ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಅಂದಿನಿಂದ ಸಿಲ್ವರ್ ನೈಟ್ರೇಟನ್ನು ವಿಶ್ಲೇಷಣೆಯ ದರ್ಜೆಯದ್ದನ್ನೇ ತರಿಸುತ್ತೇನೆ. ಲೋಹದ ಬೆಳ್ಳಿಗೆ ಜಿಎಸ್‌ಟಿ ಶೇ 3 ಇದ್ದರೆ ಈ ಲವಣಕ್ಕೆ ಶೇ 18 ಬೀಳುತ್ತದೆ. ಆದರೂ ನಾವೇ ಮಾಡಿಕೊಂಡದ್ದನ್ನು ಶುದ್ಧೀಕರಿಸುವ ಪಾಡಿಗಿಂತ ಇದೇ ಮೇಲು. 100 ಗ್ರಾಮಿನ ಒಂದು ಬಾಟಲಿಯ ಬದಲು 25 ಗ್ರಾಮಿನ ನಾಲ್ಕು ತರಿಸುತ್ತೇನೆ. ಪದೇ ಪದೇ ತೆರೆದ ಬಾಟಲಿಗೆ ನಮ್ಮ ಕಡಲತೀರದ ಗಾಳಿ, ಬೆಳಕು, ಹುಡುಗರ ಒದ್ದೆ ಚಮಚ ಎಲ್ಲವೂ ತಗಲುತ್ತವೆ.

ಎರಡನೆಯ ಪಾಠ ತಂತಿಯದು. ಸಮುದ್ರದ ನೀರಿನಲ್ಲಿ ಲೋಹಗಳು ತುಕ್ಕು ಹಿಡಿಯುವುದನ್ನು ಅಳೆಯಲು ಬೆಳ್ಳಿ–ಸಿಲ್ವರ್ ಕ್ಲೋರೈಡ್ ವಿದ್ಯುದಗ್ರ (ಎಲೆಕ್ಟ್ರೋಡ್) ಬೇಕಾಯಿತು. ದೋಣಿಯ ಉಕ್ಕಿನ ತಳ ಈ ವಿದ್ಯುದಗ್ರದ ಎದುರು ಮೈನಸ್ 0.80 ವೋಲ್ಟ್ ಅಥವಾ ಅದಕ್ಕಿಂತ ಕೆಳಗೆ ತೋರಿಸಿದರೆ ಉಕ್ಕಿನ ಬದಲು ತಾವು ಸವೆಯಲೆಂದು ಅದಕ್ಕೆ ಕಟ್ಟಿದ ಸತುವಿನ ಗಟ್ಟಿಗಳು ಕೆಲಸ ಮಾಡುತ್ತಿವೆ ಎಂದರ್ಥ. ಇದಕ್ಕೆ ಶೇ 99.99 ಶುದ್ಧತೆಯ ಬೆಳ್ಳಿ ತಂತಿ ಬೇಕೆಂದು ಬರೆದೆ. ದಪ್ಪ ಬರೆದೆ, ಉದ್ದ ಬರೆದೆ. ತಂತಿ ಬಂತು, ಬಿಲ್ಲೂ ಬಂತು. ಬಿಲ್ಲಿನ ತೂಕ ನೋಡಿದರೆ ಏನೋ ಹೊಂದುತ್ತಿಲ್ಲ. ಒಂದು ಮಿಲಿಮೀಟರ್ ದಪ್ಪದ ಬೆಳ್ಳಿ ತಂತಿ ಮೀಟರಿಗೆ 8.2 ಗ್ರಾಂ ತೂಗಬೇಕು. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ, ಲೆಕ್ಕ ಹಾಕುವುದು ಕಷ್ಟವಲ್ಲ. ತಂತಿ ಸುತ್ತಿದ್ದ ಪ್ಲಾಸ್ಟಿಕ್ ಉರುಳೆಯನ್ನೂ ಸೇರಿಸಿ ತೂಗಿದ್ದರು. ಫೋನಿನಲ್ಲಿ ವಿಚಾರಿಸಿದಾಗ ಮಾರಾಟಗಾರರು ತಪ್ಪು ಒಪ್ಪಿ ಹಣ ಹಿಂದಿರುಗಿಸಿದರು. ಆದರೆ ಆ ಪತ್ರವ್ಯವಹಾರಕ್ಕೆ ಎರಡು ತಿಂಗಳು ಹಿಡಿಯಿತು. ಈಗ ಪೊಟ್ಟಣ ಒಡೆಯುವಾಗ ಇಬ್ಬರು ಸಾಕ್ಷಿಗಳು ಇರುತ್ತಾರೆ. ಮೊಹರಿನ ಫೋಟೊ, ನಿವ್ವಳ ತೂಕ ನಾಲ್ಕು ದಶಮಾಂಶದವರೆಗೆ, ಮೂವರ ಸಹಿ, ಆಮೇಲೆ ದಾಸ್ತಾನು ಪುಸ್ತಕ.

ಅದಕ್ಕಿಂತ ಮುಖ್ಯವಾದದ್ದು ಶುದ್ಧತೆಯ ಆ ಅಂಕಿ. 99.99 ಎಂಬುದು ಒಳಗೆ ಬೆಳ್ಳಿ ಎಷ್ಟಿದೆ ಎಂದು ಹೇಳುತ್ತದೆ, ಉಳಿದದ್ದು ಏನು ಎಂದು ಹೇಳುವುದಿಲ್ಲ. ನಮಗೆ ತೊಂದರೆ ಕೊಡುವುದು ಆ ಉಳಿದದ್ದೇ. ತಾಮ್ರವೋ, ಸೀಸವೋ, ಕಬ್ಬಿಣವೋ? ಆದ್ದರಿಂದ ದರ ಕೇಳುವ ಪತ್ರದಲ್ಲಿ ಈಗ ನಾನು ಕೆಲಸವನ್ನು ಮೊದಲು ಬರೆಯುತ್ತೇನೆ, ಲೋಹವನ್ನು ಆಮೇಲೆ. "ಸಮುದ್ರದ ನೀರಿನಲ್ಲಿ ಇಡುವ ವಿದ್ಯುದಗ್ರಕ್ಕೆ" ಎಂದು ಬರೆದರೆ ತಿಳಿದ ಮಾರಾಟಗಾರರು ತಾವಾಗಿಯೇ ಮರುಪ್ರಶ್ನೆ ಕೇಳುತ್ತಾರೆ. ತಂತಿ ಕಾಯಿಸಿ ಮೆತ್ತಗೆ ಮಾಡಿದ್ದು ಬೇಕೋ, ಎಳೆದ ಹಾಗೆಯೇ ಗಟ್ಟಿ ಇರಬೇಕೋ? ಮೇಲ್ಮೈಗೆ ಎಣ್ಣೆ ಸೋಂಕಿರಬಹುದೇ? ಪ್ರತಿ ಬ್ಯಾಚಿನ ವಿಶ್ಲೇಷಣಾ ಪತ್ರದಲ್ಲಿ ಬೆರಕೆಗಳ ಹೆಸರು ಹೆಸರಾಗಿ ಪ್ರಮಾಣ ಬೇಕೆಂದು ಕೇಳುತ್ತೇನೆ. ಆ ಪತ್ರ ಕೊಡಲು ಹಿಂದೆಮುಂದೆ ನೋಡುವವರ ಬಳಿ ದರ ಎಷ್ಟೇ ಕಡಿಮೆ ಇರಲಿ, ನಾನು ಹೋಗುವುದಿಲ್ಲ.

ಇನ್ನು ಪ್ಲಾಟಿನಂ. ನಮ್ಮ ಕರಾವಳಿಯ ಚಿರೆಕಲ್ಲಿನಲ್ಲಿ ಸಿಲಿಕಾ ಎಷ್ಟಿದೆ ಎಂದು ತಿಳಿಯಲು ಪುಡಿಯನ್ನು ಸೋಡಿಯಂ ಕಾರ್ಬೊನೇಟಿನೊಡನೆ ಕೆಂಪಗೆ ಕಾಯಿಸಿ ಕರಗಿಸಬೇಕು. ಪಿಂಗಾಣಿ ಮೂಸೆಯಲ್ಲಿ (ಕಾಯಿಸುವ ಬಟ್ಟಲಿನಲ್ಲಿ) ಮಾಡಿದರೆ ಆ ದ್ರವ ಪಿಂಗಾಣಿಯನ್ನೇ ತಿನ್ನುತ್ತದೆ. ಪ್ಲಾಟಿನಮ್ಮನ್ನು ಅದು ಅಷ್ಟಾಗಿ ತಿನ್ನದು, ಪ್ಲಾಟಿನಂ ಕರಗುವುದೂ 1768 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಈ ಕೆಲಸಕ್ಕೆ ಅದೇ ಬೇಕು. 25 ಗ್ರಾಮಿನ ಒಂದು ಮೂಸೆ ತರಿಸಲು ನಾನು ಪಟ್ಟ ಪಾಡು ದೊಡ್ಡದು.

ಕಾಲೇಜಿನ ಪದ್ಧತಿ ನಿಮಗೆ ಗೊತ್ತೇ ಇದೆ. ಮೂರು ಕಡೆಯಿಂದ ದರಪಟ್ಟಿ ತರಿಸಬೇಕು, ಹೋಲಿಕೆ ಪಟ್ಟಿ ಮಾಡಬೇಕು, ಖರೀದಿ ಸಮಿತಿ ಕೂಡಬೇಕು, ಪ್ರಾಂಶುಪಾಲರ ಸಹಿ ಬೀಳಬೇಕು. ಇದಕ್ಕೆಲ್ಲ ಬೇಗವೆಂದರೂ ಒಂದು ತಿಂಗಳು. ಪ್ಲಾಟಿನಂ ದರ ಪಟ್ಟಿಗಳಲ್ಲಿ ಕೊನೆಯ ಸಾಲು ಮಾತ್ರ "ಈ ದರ ಇಂದು ಸಂಜೆಯವರೆಗೆ" ಎಂದಿರುತ್ತದೆ. ಮೊದಲ ಸಲ ನಮ್ಮ ಆದೇಶ ತಲುಪುವ ಹೊತ್ತಿಗೆ ದರ ಏರಿತ್ತು, ಅವರು ಒಪ್ಪಲಿಲ್ಲ, ಕಡತ ಮತ್ತೆ ಮೊದಲಿನಿಂದ ಶುರುವಾಯಿತು. ಎರಡನೆಯ ಸಲ "ಮೂರು ತಿಂಗಳು ಬದಲಾಗದ ದರ ಕೊಡಿ" ಎಂದು ಬೇಡಿದೆ. ಕೊಟ್ಟರು. ಲೋಹದ ಬೆಲೆ ಏರಿದರೂ ತಮಗೆ ನಷ್ಟವಾಗದಂತೆ ಮೊದಲೇ ಬೆಲೆ ಏರಿಸಿಕೊಟ್ಟಿದ್ದರು. ವ್ಯಾಪಾರಿಯಾದವನು ಹಾಗಲ್ಲದೆ ಇನ್ನೇನು ಮಾಡಬೇಕು? ಆ ಭಾರ ಹೊತ್ತವರು ನಾವು.

ಮೂರನೆಯ ಸಲ ದರವನ್ನೇ ಎರಡಾಗಿ ಒಡೆದೆ. ಲೋಹದ ಬೆಲೆ ಬೇರೆ, ಮಜೂರಿ ಬೇರೆ. ಲೋಹಕ್ಕೆ, ಆದೇಶ ಹೊರಡುವ ದಿನ ಪ್ರಕಟವಾದ ಮಾರುಕಟ್ಟೆ ದರ. ಆ ದರ ಎಲ್ಲಿಂದ ತೆಗೆದುಕೊಳ್ಳಬೇಕೆಂಬುದನ್ನು ಪತ್ರದಲ್ಲೇ ನಮೂದಿಸುವುದು. ಮಜೂರಿ ಗ್ರಾಮಿಗೆ ಇಂತಿಷ್ಟು, ಅದು 90 ದಿನ ಬದಲಾಗಬಾರದು. ಹಳೆಯ ಮೂಸೆ ಹಿಂದಿರುಗಿಸಿದರೆ ಲೋಹದ ಬೆಲೆಯಲ್ಲಿ ಶೇಕಡ ಎಷ್ಟು ಕೊಡುತ್ತಾರೆ ಎಂಬುದೂ ಅದೇ ಪತ್ರದಲ್ಲಿ. ಸಮಿತಿ ಹೋಲಿಸಬೇಕಾದದ್ದು ಮಜೂರಿ, ಶುದ್ಧತೆ, ಹಿಂದಿರುಗಿಸುವ ಷರತ್ತು ಈ ಮೂರನ್ನು. ಲೋಹದ ಬೆಲೆ ಎಲ್ಲರಿಗೂ ಒಂದೇ. ಒಟ್ಟು ಮೊತ್ತಕ್ಕೆ ಒಂದು ಮೇಲ್ಮಿತಿ ಹಾಕಿಸಿಕೊಂಡೆ. ಲೆಕ್ಕಪರಿಶೋಧಕರು "ದರವೇ ನಿಗದಿಯಾಗದೆ ಆದೇಶ ಹೇಗೆ ಕೊಟ್ಟಿರಿ?" ಎಂದು ಕೇಳಿದಾಗ ಆ ದಿನದ ದರದ ಮುದ್ರಿತ ಪ್ರತಿಯನ್ನು ಕಡತದಿಂದ ತೆಗೆದು ಮುಂದಿಟ್ಟೆ. ಆಕ್ಷೇಪಣೆ ಅಲ್ಲಿಗೇ ಮುಗಿಯಿತು. ಈ ಕ್ರಮದ ಬೆಲೆ ಚೆನ್ನಾಗಿ ತಿಳಿದದ್ದು 2024ರಲ್ಲಿ. ಆ ವರ್ಷ ಜುಲೈ 23ರ ಬಜೆಟ್ಟಿನಲ್ಲಿ ಬೆಳ್ಳಿಯ ಆಮದು ಸುಂಕ ಶೇ 15ರಿಂದ 6ಕ್ಕೆ, ಪ್ಲಾಟಿನಂ ಸುಂಕ ಶೇ 15.4ರಿಂದ 6.4ಕ್ಕೆ ಇಳಿಯಿತು. ನಮ್ಮ ತಂತಿಯ ಆದೇಶ ಆಗ ಸಹಿಗಾಗಿ ಕಾಯುತ್ತಿತ್ತು. ಲೋಹದ ದರ ಅಂದಂದಿನದೇ ಆಗಿದ್ದರಿಂದ ಇಳಿದ ಬೆಲೆಯ ಲಾಭ ಕಾಲೇಜಿಗೆ ಸಿಕ್ಕಿತು.

ಮೂಸೆಯನ್ನು ಅಂಚೆಯಲ್ಲಿ ತರಿಸಲು ಮನಸ್ಸಾಗದೆ ಮುಂಬೈಗೆ ನಾನೇ ಹೋದೆ. ಮತ್ಸ್ಯಗಂಧಾ ರೈಲಿನಲ್ಲಿ ಕಾರವಾರದ ಶಿರವಾಡ ನಿಲ್ದಾಣದವರೆಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೇ ಇತ್ತು. ಬಂದ ಮೇಲೆ ಮಾಡಿದ ಮೊದಲ ಪರೀಕ್ಷೆ ಸರಳವಾದದ್ದು. ಗಾಳಿಯಲ್ಲಿ ಒಮ್ಮೆ, ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿದೆವು. ಪ್ಲಾಟಿನಂ ಸಾಂದ್ರತೆ 21.45. ಆದ್ದರಿಂದ 25 ಗ್ರಾಮಿನ ಮೂಸೆ ನೀರಿನಲ್ಲಿ 1.17 ಗ್ರಾಂ ಹಗುರಾಗಬೇಕು. ಹಾಗೆಯೇ ಆಯಿತು. ಈ ಪರೀಕ್ಷೆ ದೊಡ್ಡ ಮೋಸವನ್ನು ಹಿಡಿಯುತ್ತದೆಯೇ ಹೊರತು 99.9ಕ್ಕೂ 99.99ಕ್ಕೂ ಇರುವ ವ್ಯತ್ಯಾಸವನ್ನು ಹಿಡಿಯದು. ಅದಕ್ಕೆ ವಿಶ್ಲೇಷಣಾ ಪತ್ರವೇ ಗತಿ.

ಇಷ್ಟೆಲ್ಲ ಮಾಡಿ ತಂದ ಮೂಸೆ ನಾಲ್ಕನೆಯ ವರ್ಷ ಒಂದೇ ದಿನದಲ್ಲಿ ಹಾಳಾಯಿತು. ದೋಣಿ ರಿಪೇರಿ ಮಾಡುವ ಜಾಗದ ಕೆಸರನ್ನು ವಿದ್ಯಾರ್ಥಿನಿಯೊಬ್ಬಳು ತಂದಿದ್ದಳು. ಅದರಲ್ಲಿ ಹಳೆಯ ಬಣ್ಣದ ಚಕ್ಕೆಗಳಿದ್ದವು, ಬಣ್ಣದಲ್ಲಿ ಸೀಸವಿತ್ತು. ಸೋಸುಕಾಗದದ ಸಮೇತ ಮೂಸೆಗೆ ಹಾಕಿ ಕಾಯಿಸಿದಳು. ಕಾಗದ ಸುಟ್ಟ ಇಂಗಾಲ ಸೀಸವನ್ನು ಲೋಹವಾಗಿಸಿತು, ಸೀಸ ಪ್ಲಾಟಿನಂ ಜೊತೆ ಬೆರೆತು ತಳ ತಿಂದುಹಾಕಿತು. ಕಿಟಕಿಯ ಬೆಳಕಿಗೆ ಹಿಡಿದಾಗ ತಳದಲ್ಲಿ ಎಳ್ಳುಕಾಳಿನಷ್ಟು ತೂತು ಕಂಡಿತು. ಅವಳು ಅತ್ತಳು. ತಪ್ಪು ಅವಳದಲ್ಲ, ನನ್ನದು. ಸೀಸ, ಆರ್ಸೆನಿಕ್, ರಂಜಕ ಇರುವ ಯಾವುದನ್ನೂ ಪ್ಲಾಟಿನಂ ಮೂಸೆಗೆ ಹಾಕಬಾರದು, ಹಳದಿ ಜ್ವಾಲೆಗೆ ಹಿಡಿಯಬಾರದು, ಕಾದಾಗ ಕಬ್ಬಿಣದ ಇಕ್ಕಳ ತಾಗಿಸಬಾರದು ಎಂದು ನಾನು ಯಾರಿಗೂ ಬರೆದುಕೊಟ್ಟಿರಲಿಲ್ಲ. ಈಗ ಕಪಾಟಿನ ಬಾಗಿಲಿನ ಒಳಮೈಯಲ್ಲಿ ಕನ್ನಡದಲ್ಲಿ ಅಂಟಿಸಿದ್ದೇನೆ.

ಬಳಸಿದ ಬೆಳ್ಳಿಯನ್ನೂ ನಾವು ಚರಂಡಿಗೆ ಬಿಡುವುದಿಲ್ಲ. ಟೈಟ್ರೇಶನ್ ಮುಗಿದ ಗಷ್ಟೆಲ್ಲ ಕಂದು ಡಬ್ಬಿಗೆ ಹೋಗುತ್ತದೆ. ಕ್ರೋಮೇಟ್ ವಿಷಕಾರಿ, ಅದನ್ನು ಬೇರೆ ಮಾಡಿ ವಿಲೇವಾರಿ ಮಾಡಲೇಬೇಕು. ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಇಡೀ ಬೆಳ್ಳಿಯನ್ನು ಕ್ಲೋರೈಡ್ ಮಾಡಿ, ತೊಳೆದು, ತೆಳು ಗಂಧಕಾಮ್ಲದಲ್ಲಿ ಸತುವಿನ ಚೂರು ಹಾಕಿದರೆ ಬೂದು ಬಣ್ಣದ ಬೆಳ್ಳಿಯ ಹಿಟ್ಟು ಇಳಿಯುತ್ತದೆ. ಅಮೋನಿಯಾದಲ್ಲಿ ಕರಗಿಸುವ ದಾರಿಯೂ ಇದೆ, ಆದರೆ ಆ ದ್ರಾವಣ ಇಟ್ಟರೆ ಸಿಡಿಯುವ ವಸ್ತು ಕೂಡಿಕೊಳ್ಳುತ್ತದೆ. ಹುಡುಗರಿರುವ ಪ್ರಯೋಗಶಾಲೆಗೆ ಅದು ಬೇಡವೇ ಬೇಡ.

ಕಳೆದ ಬೇಸಿಗೆಯಲ್ಲಿ ಮೂರು ವರ್ಷದ ಹಿಟ್ಟನ್ನು ಶೇಟರ ಅಂಗಡಿಗೆ ಒಯ್ದೆ. ಸಾಕ್ಷಿಗೆ ವಿಭಾಗದ ಅಟೆಂಡರೂ ಜೊತೆಗಿದ್ದರು. ಶೇಟರು ಮಣ್ಣಿನ ಮೂಸೆಗೆ ಹಿಟ್ಟು ಸುರಿದು, ಮೇಲೆ ಬಿಳಿಗಾರ ಉದುರಿಸಿ, ಗ್ಯಾಸಿನ ಜ್ವಾಲೆ ಹಿಡಿದರು. ಬೂದು ಹಿಟ್ಟು ಮೊದಲು ಕುಗ್ಗಿತು, ಅಂಚು ಕೆಂಪಾಯಿತು, ಮರುಕ್ಷಣ ಇಡೀ ರಾಶಿ ಒಂದಾಗಿ ಕನ್ನಡಿಯಂತೆ ಹೊರಳಿತು. ಅಚ್ಚಿಗೆ ಸುರಿದು ತಣಿಸಿ, ಒರೆಗಲ್ಲಿಗೆ ಉಜ್ಜಿ ನೋಡಿ "ಇದು ನಿಮ್ಮ ಕೆಲಸದ ಬೆಳ್ಳಿ ಮಾಸ್ತರೇ" ಎಂದರು. ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ, ರಸೀದಿ ಬೇಕೆಂದು ಹೇಳಿ ಬಲವಂತವಾಗಿ ಕೊಟ್ಟೆ. ಗಟ್ಟಿ 212 ಗ್ರಾಂ ತೂಗಿತು. ನೈಟ್ರೇಟ್ ಪೂರೈಸುವವರು ಅದನ್ನು ವಿಶ್ಲೇಷಿಸಿಕೊಂಡು, ಬಂದ ಶುದ್ಧತೆಗೆ ತಕ್ಕಂತೆ ಮುಂದಿನ ಬಿಲ್ಲಿನಲ್ಲಿ ಕಳೆದುಕೊಟ್ಟರು. ತೂತಾದ ಮೂಸೆಯನ್ನೂ ಹಾಗೆಯೇ ತಯಾರಕರಿಗೆ ಹಿಂದಿರುಗಿಸಿದೆ. ಹೊಸ ಮೂಸೆ ಮಳೆಗಾಲಕ್ಕೆ ಮೊದಲೇ ಬಂತು. ತಳದಲ್ಲಿ ಕೆತ್ತಿಸಿದ ಸಂಖ್ಯೆಯ ಪಕ್ಕ ಅದರ ತೂಕವನ್ನು ದಾಸ್ತಾನು ಪುಸ್ತಕದಲ್ಲಿ ಬರೆದು, ಆ ವಿದ್ಯಾರ್ಥಿನಿಯ ಕೈಯಲ್ಲೇ ಸಾಕ್ಷಿಯ ಸಹಿ ಹಾಕಿಸಿದೆ. ಅವಳು ಈಗ ನಮ್ಮಲ್ಲೇ ಸಂಶೋಧನೆ ಮಾಡುತ್ತಿದ್ದಾಳೆ.